ಎಲೆಬುಟ್ಟಿಯ ವಿಧಾನ

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 6

ಇಪ್ಪತ್ತೊಂದನೆಯ ದಿನ. ಮನಿಪ್ಲಾಂಟಿನ ಹನ್ನೆರಡು ತುಂಡೂ ಜೀವಂತ. ಹೊಸ ಎಲೆ ಸೊನ್ನೆ. ಬೇರು ಐದರಲ್ಲಿ ಮಾತ್ರ, ಅದೂ ಸಾಸಿವೆಯಷ್ಟು ಗಂಟು. ನೀರು ಬದಲಿಸಿದೆ. ಬಾಟಲಿಗಳನ್ನು ಕಿಟಕಿಯಿಂದ ಇನ್ನೊಂದು ಗೇಣು ಹಿಂದಕ್ಕೆ, ಪರಸಿಕಲ್ಲಿನ ನೆಲದ ಮೇಲೆ ಸರಿಸಿದೆ. ಅಲ್ಲಿ ತಂಪು ಹೆಚ್ಚು, ಬೆಳಕು ಕಡಿಮೆ.

ಇದೇ ಬಳ್ಳಿಯ ಇನ್ನೊಂದು ಹನ್ನೆರಡು ತುಂಡು ಶಾಲೆಯ ಲ್ಯಾಬಿನಲ್ಲಿವೆ. ಬಿಸಿಲು ಕುಡಿದು, ಗೊಬ್ಬರದ ನೀರು ಕುಡಿದು, ಹೆಡ್‌ಮಾಸ್ತರನ ಹೊಟ್ಟೆಯಂತೆ ದಿನಾ ಬೆಳೆಯುತ್ತಿವೆ. ಬೆಳೆಯಲಿ. ಅವು ಹೋಲಿಕೆಗೆ. ಮನೆಯಲ್ಲಿರುವ ಹನ್ನೆರಡು ಬೆಳೆಯಬಾರದು. ಸಾಯಲೂಬಾರದು, ಸೊರಗಲೂಬಾರದು. ಮನಿಪ್ಲಾಂಟ್ ಬೆಳೆಸುವುದು ಯಾವ ದಡ್ಡನಿಗೂ ಬರುತ್ತದೆ, ಬಾಟಲಿಗೆ ಹಾಕಿ ಮರೆತರೆ ಸಾಕು. ಆರೋಗ್ಯವಾಗಿಟ್ಟುಕೊಂಡೇ ನಿಲ್ಲಿಸುವುದು ಬರಬೇಕು. ನರ್ಸರಿಯವರಿಗೆ, ದೂರದ ಊರಿಗೆ ಸಾಗಿಸುವವರಿಗೆ ಉಪಯೋಗ ಎಂದು ಬರೆದಿಟ್ಟಿದ್ದೇನೆ. ಜಡ್ಜ್‌ಗಳಿಗೆ ಉಪಯೋಗ ಬೇಕಲ್ಲ.

ಜಿಲ್ಲಾ ವಿಜ್ಞಾನ ವಸ್ತುಪ್ರದರ್ಶನ, ಶಿಕ್ಷಕರ ವಿಭಾಗ. ಸೆಪ್ಟೆಂಬರ್ 20, ಯಾದಗಿರಿ.

ಅತ್ತೆ ಕಸ ಗುಡಿಸುತ್ತ ಬಂದು ನಿಂತು ನೋಡಿದಳು. "ಬೆಳಿಬಾರ್ದು ಅಂತ ಯಾರರ ಗಿಡ ಸಾಕ್ತಾರೇನು?" ಅಂದಳು. ನಲವತ್ತು ವರ್ಷದಿಂದ ಸುರಪುರದ ಬಸ್‌ಸ್ಟ್ಯಾಂಡ್ ಮುಂದೆ ಕೂತು ವೀಳ್ಯದೆಲೆ ಮಾರುವ ತಿಮ್ಮವ್ವನಿಗೆ ಪ್ರಯೋಗ ಎಂದರೇನು ಅಂತ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಆಗಸ್ಟ್ 11, ಸೋಮವಾರ

ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರ ವಿಶ್ವರಾಧ್ಯ ಬಂದು ನನ್ನ ಟೇಬಲ್ಲಿಗೆ ಒರಗಿದ. "ಏನ್ ನಡಿಸೀರಿ ಮೇಡಂ ಈ ಸಲ? ನಮಗೂ ಒಂದಿಷ್ಟು ಹೇಳ್ರಿ."

"ಇನ್ನಾ ಏನೂ ಇಲ್ರಿ ಸರ್," ಅಂದೆ.

ಹೇಳುವವಳು ನಾನಲ್ಲ. ಎರಡು ವರ್ಷದ ಹಿಂದೆ ನುಗ್ಗೆಬೀಜದಿಂದ ರಾಡಿ ನೀರು ತಿಳಿ ಮಾಡುವ ಮಾದರಿ. ಬೀಜ ಆರಿಸಿದ್ದು, ಕುಟ್ಟಿದ್ದು, ನಾಲ್ಕು ತಿಂಗಳು ಕಾಲುವೆಯ ನೀರು ಹೊತ್ತು ತಂದು ಅಳೆದದ್ದು ಎಲ್ಲ ನಾನು. ಪ್ರದರ್ಶನದ ದಿನ ಬೋರ್ಡ್ ಮೇಲೆ 'ಪರಿಕಲ್ಪನೆ ಮತ್ತು ವಿಧಾನ: ವಿಶ್ವರಾಧ್ಯ, ಮುಖ್ಯ ಶಿಕ್ಷಕರು'. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಸಹಾಯ: ಪರಿಮಳಾ'. ಕೇಳಿದ್ದಕ್ಕೆ ಏನಂದ? "ಎಲ್ಲಾ ಒಂದ ಸಾಲಿ ಅಲ್ಲೇನ್ರಿ ಮೇಡಂ. ಹೆಸರು ಯಾರದಿದ್ರೇನು?" ಸರ್ಟಿಫಿಕೇಟ್ ಇವತ್ತಿಗೂ ಅವನ ಕುರ್ಚಿಯ ಹಿಂದೆ ತೂಗುತ್ತಿದೆ. ಆ ಕೋಣೆಗೆ ಹೋದಾಗಲೆಲ್ಲ ಅದರ ಮೇಲಿನ ಧೂಳನ್ನು ಮಾತ್ರ ನೋಡುತ್ತೇನೆ.

ಅದಕ್ಕೇ ಈ ಹನ್ನೆರಡು ಮನೆಯಲ್ಲಿವೆ. ಲ್ಯಾಬಿನವು ಅವನಿಗೆ ಅಲಂಕಾರದ ಗಿಡ. "ಛಲೋ ಕಾಣ್ತಾವ" ಅಂದ.

ಲೆಕ್ಕದ ಶಹಬಾಜ ಸರ್ ಈ ವರ್ಷವೂ ಜ್ವಾಲಾಮುಖಿಯ ಮಾದರಿಯನ್ನೇ ಮಾಡುತ್ತಾರಂತೆ. ಸತತ ಆರನೆಯದು. ಒಳ್ಳೆಯ ಮನುಷ್ಯ. ಆದರೆ ಸೋಡಾ, ವಿನೆಗರ್ ಬಿಟ್ಟು ಜಗತ್ತಿನಲ್ಲಿ ಬೇರೆ ವಿಜ್ಞಾನ ಇದೆ ಅಂತ ಅವರಿಗೆ ಯಾರೂ ಹೇಳಿಲ್ಲ.

ಆಗಸ್ಟ್ 23, ಶನಿವಾರ

ಮೂರು ಬಾಟಲಿಯಲ್ಲಿ ಲೋಳೆ. ಒಂದು ಎಲೆ ಹಳದಿ. ತುದಿ ಚಿವುಟಿದರೆ ಬೆಳವಣಿಗೆ ನಿಲ್ಲುತ್ತದೆ, ಆದರೆ ಪಕ್ಕದಿಂದ ಕುಡಿ ಒಡೆಯುತ್ತದೆ. ಅದೂ ಅಲ್ಲದೆ ಅದು ಮೋಸ. ಚಿವುಟುವುದಿಲ್ಲ. ಗೊಬ್ಬರ ಇಲ್ಲ, ನೇರ ಬಿಸಿಲು ಇಲ್ಲ, ನಾಲ್ಕು ದಿನಕ್ಕೊಮ್ಮೆ ಹೊಸ ನೀರು. ಅಷ್ಟೇ.

ನನ್ನವರು, ಹೆಸರು ಶ್ರೀಮಂತ, ಹುಣಸಗಿಯ ಕಾಲುವೆ ಆಫೀಸಿನಲ್ಲಿ ಕ್ಲರ್ಕ್, ಊಟ ಮಾಡುತ್ತ ಸಲಹೆ ಕೊಟ್ಟರು: "ಫ್ರಿಜ್‌ನ್ಯಾಗ ಇಡು. ಇಲ್ಲಾಂದ್ರ ಟ್ರಂಕಿನ್ಯಾಗ ಇಡು, ಕತ್ತಲದಾಗ ಏನ್ ಬೆಳಿತಾವ."

ಫ್ರಿಜ್‌ನಲ್ಲಿ ಎಲೆ ಕಪ್ಪಾಗುತ್ತದೆ. ಕತ್ತಲಲ್ಲಿ ಬೆಳಕು ಹುಡುಕುತ್ತ ಬಿಳಿಚಿಕೊಂಡು ಉದ್ದಕ್ಕೆ ಹೋಗುತ್ತದೆ. ಎಂಟನೆಯ ಇಯತ್ತೆಯ ಪಾಠ. ಹೇಳಿದೆ. "ಹೌದಾ" ಅಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಸೆಪ್ಟೆಂಬರ್ 7, ಭಾನುವಾರ. ಸಂಜೆ

ಇವತ್ತು ರಾತ್ರಿ ಚಂದ್ರಗ್ರಹಣ. ಟಿವಿಯಲ್ಲಿ ಬೆಳಿಗ್ಗೆಯಿಂದ ಒಬ್ಬೊಬ್ಬ ಶಾಲು ಹೊದ್ದವನು ಬಂದು ರಾಶಿಗೊಂದು ಭಯ ಹಂಚಿ ಹೋಗುತ್ತಿದ್ದಾನೆ. ಭೂಮಿಯ ನೆರಳು ಕಣ್ರಯ್ಯಾ. ಮೊನ್ನೆಯಷ್ಟೇ ಒಂಬತ್ತನೆಯ ಇಯತ್ತೆಗೆ ಚೆಂಡು, ಟಾರ್ಚು ಹಿಡಿದು ತೋರಿಸಿದೆ. ಅದೇ ಮಕ್ಕಳು ಇವತ್ತು ಮಧ್ಯಾಹ್ನವೇ ಉಂಡು ಮುಗಿಸಿರುತ್ತಾರೆ.

ಅತ್ತೆಯೂ ಮಧ್ಯಾಹ್ನದಿಂದ ಏನೂ ಮುಟ್ಟಿಲ್ಲ. ಹಿಟ್ಟಿನ ಡಬ್ಬಿ, ಉಪ್ಪಿನಕಾಯಿ ಜಾಡಿ, ಎಲ್ಲದರ ಮೇಲೆ ಗರಿಕೆ. ನನ್ನ ಲಂಚ್ ಬಾಕ್ಸ್ ಮೇಲೂ ಒಂದು ಎಸಳು. ತೆಗೆದು ಬಿಸಾಡಿದೆ. ಅತ್ತೆ ನೋಡಿದಳು.

ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ 6:40

ಮುಖ ಕೂಡ ತೊಳೆದಿಲ್ಲ. ಮೊದಲು ಇದನ್ನು ಬರೆಯುತ್ತೇನೆ.

ಎದ್ದು ನೋಡಿದರೆ ಮನೆಯೆಲ್ಲ ತೊಳೆದಿದೆ. ಕೊಡ, ಬಿಂದಿಗೆ, ಹಂಡೆ ಎಲ್ಲ ಬೋರಲು. ಅವುಗಳ ಪಕ್ಕದಲ್ಲಿ ನನ್ನ ಹನ್ನೆರಡು ಬಾಟಲಿ. ಅವೂ ಬೋರಲು, ಸಾಲಾಗಿ. ಒಳಗೆ ಏನೂ ಇಲ್ಲ.

"ನನ್ನ ಗಿಡ ಎಲ್ಲದಾವ್ರಿ?"

"ಗ್ರಾಣ ಹಿಡದ ನೀರು ಮನ್ಯಾಗ ಇಡಬಾರ್ದವ್ವ. ಚೆಲ್ಲೀನಿ. ನಳ ಬರೂದು ಬುಧವಾರ. ಹಜರಾಬೀ ಮನಿ ಬೋರಿಂದ ಎರಡ ಕೊಡ ತಂದೀನಿ, ಅದು ಕುಡ್ಯಾಕ. ಅಲ್ಲೀತನಾ ಗಿಡ—"

ಮುಂದಿನದು ನನಗೆ ಕೇಳಿಸಲಿಲ್ಲ. ಐವತ್ತಾರು ದಿನ. ಐವತ್ತಾರು ದಿನ ದಾರ ಹಿಡಿದು ಅಳೆದು, ಎಲೆ ಎಣಿಸಿ ಬರೆದದ್ದು. ಎಲ್ಲ ಭೂಮಿಯ ನೆರಳಿಗೆ ಹೋಯಿತು.

"ಎಲಿ ಮಾರೋರಿಗೆ ಏನ್ ತಿಳೀತದ್ರಿ ಇದು?" ಅಂದೆ. ಜೋರಾಗಿಯೇ ಅಂದೆ. ಪಕ್ಕದ ಮನೆಯ ಹಜರಾಬೀ ಬಾಗಿಲಿಗೆ ಬಂದು ನಿಂತಳು. "ಆ ಬುಟ್ಟಿ, ಆ ಸಂತಿ, ಅಷ್ಟ ನಿಮಗ ಗೊತ್ತು. ಗೊತ್ತಿಲ್ಲದ್ದಕ್ಕ ಕೈ ಹಾಕಬಾರ್ದು."

ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು. ಎಲೆಬುಟ್ಟಿ ತಲೆ ಮೇಲಿಟ್ಟುಕೊಂಡು ಹೊರಟುಹೋದಳು.

ನನ್ನವರು ಹಲ್ಲುಜ್ಜುತ್ತಲೇ "ಹಂಗ ಅನಬಾರ್ದಿತ್ತು" ಅಂದರು. ಇವರು ಬಾಯಿ ಬಿಡುವುದು ಎಲ್ಲ ಮುಗಿದ ಮೇಲೆಯೇ.

ಅದೇ ದಿನ, ಸಂಜೆ 5

ಸತ್ತಿಲ್ಲ. ಎಸೆದಿಲ್ಲ.

ಅಡುಗೆಮನೆಯ ಮೂಲೆಯಲ್ಲಿ, ನೀರಿನ ಕಟ್ಟೆಯ ಕೆಳಗೆ, ಅತ್ತೆಯ ಹಳೆಯ ಎಲೆಬುಟ್ಟಿ. ಮುಚ್ಚಳ ತೆಗೆದೆ. ಬಾಳೆಲೆಯ ಹಾಸು, ಅದರ ಮೇಲೆ ಮಾವನವರ ಹಳೆಯ ಧೋತರದ ಒದ್ದೆ ತುಂಡು, ಅದರೊಳಗೆ ಹನ್ನೆರಡೂ ಒಂದರ ಪಕ್ಕ ಒಂದು. ಹಳದಿ ಎಲೆಯನ್ನು ಮಾತ್ರ ಚಿವುಟಿ ತೆಗೆದಿದ್ದಾಳೆ. ಲೋಳೆ ಹಿಡಿದ ಗಂಟುಗಳನ್ನು ಒರೆಸಿದ್ದಾಳೆ.

ಸರಿ, ಉಳಿಸಿದಳು. ಅದಕ್ಕೇನು? ನೀರು ಚೆಲ್ಲದಿದ್ದರೆ ಉಳಿಸುವ ಕೆಲಸವೇ ಇರುತ್ತಿರಲಿಲ್ಲ. ಆರು ತೆಗೆದು, ಹಜರಾಬೀಯಿಂದ ನೀರು ಬೇಡಿ ತಂದು, ಬಾಟಲಿಗೆ ಹಾಕಿದೆ. ಆರು ಬುಟ್ಟಿಯಲ್ಲೇ ಬಿಟ್ಟೆ. ಗುರುವಾರದೊಳಗೆ ಕೊಳೆಯುತ್ತವೆ. ಕೊಳೆತದ್ದನ್ನು ಅವಳ ಕೈಯಲ್ಲೇ ಕೊಡುತ್ತೇನೆ.

ಸೆಪ್ಟೆಂಬರ್ 13, ಶನಿವಾರ

ಬಾಟಲಿಯ ಆರರಲ್ಲಿ ಎರಡು ಕೊಳೆತವು. ಬುಟ್ಟಿಯ ಆರೂ ಇದ್ದ ಹಾಗೇ ಇವೆ. ಎಲೆ ಗಟ್ಟಿ, ಬಣ್ಣ ಹಸಿರು, ಬೇರು ಒಂದು ಕೂದಲೂ ಮುಂದೆ ಹೋಗಿಲ್ಲ.

ಎರಡು ಸಲ ಅಳೆದೆ.

ಸೆಪ್ಟೆಂಬರ್ 16, ಮಂಗಳವಾರ

ಉಳಿದ ನಾಲ್ಕೂ ಬುಟ್ಟಿಗೆ ಹೋದವು. ಈಗ ಒಟ್ಟು ಹತ್ತು. ಚಹಾ ಕುಡಿಯುತ್ತ ಕೂತು ಅತ್ತೆಯ ಕೆಲಸ ಗಮನಿಸಿದೆ.

ಬೆಳಿಗ್ಗೆ ಐದಕ್ಕೆ ತನ್ನ ಮಾರುವ ಎಲೆ ತಿರುವಿ ಹಾಕುತ್ತಾಳಲ್ಲ, ಅದರ ಜೊತೆಗೇ ಇವನ್ನೂ ಬಿಚ್ಚುತ್ತಾಳೆ. ಒಂದೊಂದನ್ನೂ ಮಗ್ಗುಲು ಬದಲಿಸುತ್ತಾಳೆ. ಮುಚ್ಚಳ ತೆಗೆದ ಬುಟ್ಟಿಯನ್ನು ಬೇವಿನ ನೆರಳಲ್ಲಿ ಒಂದು ತಾಸು ಇಡುತ್ತಾಳೆ. ವಾರಕ್ಕೊಮ್ಮೆ ಒಂದು ಗಳಿಗೆ ನೀರಿನಲ್ಲಿ ನಿಲ್ಲಿಸುತ್ತಾಳೆ. ಬಟ್ಟೆ ತೊಳೆದು, ಹಿಂಡಿ, ಕೆನ್ನೆಗೆ ಹಚ್ಚಿ ನೋಡುತ್ತಾಳೆ. ಸರಿ ಅನಿಸದಿದ್ದರೆ ಮತ್ತೆ ಹಿಂಡುತ್ತಾಳೆ.

ತಡೆಯಲಾಗಲಿಲ್ಲ. "ಕೆನ್ನಿಗೆ ಯಾಕ್ರಿ?"

"ತಂಪು ಹತ್ತಬೇಕು, ಹಸಿ ಹತ್ತಬಾರ್ದು," ಅಂದಳು. ನನ್ನ ಕಡೆ ನೋಡದೆ ಅಂದಳು. ಎಂಟು ದಿನದಲ್ಲಿ ಇದೇ ಮೊದಲ ಮಾತು.

ಥರ್ಮಾಮೀಟರ್ ಇಲ್ಲ, ಅಳತೆ ಇಲ್ಲ. ಕೆನ್ನೆಯಂತೆ ಕೆನ್ನೆ. ಇದನ್ನು ಜಡ್ಜ್ ಮುಂದೆ ಹೇಳಿದರೆ ನಗುತ್ತಾರೆ.

ಸೆಪ್ಟೆಂಬರ್ 19, ಶುಕ್ರವಾರ

ಪ್ರದರ್ಶನ ಮುಂದಕ್ಕೆ. ಸೋಮವಾರದಿಂದ ಸಮೀಕ್ಷೆ, ಶಿಕ್ಷಕರೆಲ್ಲ ಮನೆಮನೆಗೆ. ಹೊಸ ದಿನಾಂಕ ಅಕ್ಟೋಬರ್ 30. ಇನ್ನೂ ನಲವತ್ತು ದಿನ ಇವನ್ನು ಹೀಗೇ ಹಿಡಿದಿಡಬೇಕು. ನನಗೆ ಕಕ್ಕೇರಾ ಕಡೆ ಹಾಕಿದ್ದಾರೆ. ಹೆಡ್‌ಮಾಸ್ತರನಿಗೆ ಬೆನ್ನು ನೋವಂತೆ. ಸಮೀಕ್ಷೆ ಬಂದಾಗಲೆಲ್ಲ ಬರುವ ಬೆನ್ನು ನೋವು.

ಅಕ್ಟೋಬರ್ 12, ಭಾನುವಾರ

ಇಪ್ಪತ್ತು ದಿನ ಬರೆದಿಲ್ಲ. ಬೆಳಿಗ್ಗೆ ಆರರ ಬಸ್ಸು, ರಾತ್ರಿ ಎಂಟಕ್ಕೆ ಮನೆ. ಮಳೆ, ಕೆಸರು, ತೆರೆಯದ ಆ್ಯಪ್. ಒಬ್ಬಾಕೆ ತನ್ನ ವಯಸ್ಸು ಗೊತ್ತಿಲ್ಲ ಅಂದಳು. ಬರ ಬಿದ್ದ ವರ್ಷ ಹುಟ್ಟಿದ್ದಂತೆ. ಯಾವ ಬರ ತಾಯಿ ಅಂದರೆ ದೊಡ್ಡದು ಅಂದಳು.

ಬುಟ್ಟಿಯ ನೆನಪಾದದ್ದು ಇವತ್ತೇ. ಓಡಿ ಹೋಗಿ ಬಿಚ್ಚಿದೆ. ಹತ್ತಕ್ಕೆ ಹತ್ತೂ ಇವೆ. ಎಂಟರಲ್ಲಿ ಹೊಸ ಎಲೆ ಸೊನ್ನೆ, ಎರಡರಲ್ಲಿ ತಲಾ ಒಂದು. ಲ್ಯಾಬಿನವು ಕಿಟಕಿಯ ಸರಳು ದಾಟಿ ನಾಲ್ಕು ಅಡಿ ಹೋಗಿವೆಯಂತೆ, ಶಹಬಾಜ ಸರ್ ಫೋಟೋ ಕಳಿಸಿದ್ದಾರೆ.

ಹಾರಿ ಕುಣಿಯುವಷ್ಟು ಸಂತೋಷವಾಯಿತು. ಅತ್ತೆ ಹೊರಗೆ ಅಡಕೆ ಕತ್ತರಿಸುತ್ತಿದ್ದಳು. ಏನಾದರೂ ಅನ್ನಬೇಕಿತ್ತು. ಬಾಯಿಗೆ ಬಂದದ್ದು, "ಬುಟ್ಟಿ ಇಲಿಗಳ ಕೈಗೆ ಸಿಗದಂಗ ಇಡ್ರಿ."

ಅಕ್ಟೋಬರ್ 28, ಮಂಗಳವಾರ

ಬೋರ್ಡ್ ಬರೆದೆ. ಶೀರ್ಷಿಕೆ: ತೇವವಸ್ತ್ರ ವಿಧಾನದಿಂದ ಬಳ್ಳಿತುಂಡುಗಳ ಬೆಳವಣಿಗೆ ನಿಯಂತ್ರಣ. ಬಟ್ಟೆಯ ತೇವಾಂಶ ಅರವತ್ತು ಪ್ರತಿಶತ. ಅರವತ್ತು ಎಲ್ಲಿಂದ ಬಂತು? ನನ್ನ ತಲೆಯಿಂದ. ಕೆನ್ನೆ ಅಂತ ಬರೆಯಲಾಗುವುದಿಲ್ಲ. ಪರಿಕಲ್ಪನೆ ಮತ್ತು ವಿಧಾನ: ಪರಿಮಳಾ, ಸಹ ಶಿಕ್ಷಕಿ. ಈ ಸಲ ದೊಡ್ಡ ಅಕ್ಷರದಲ್ಲಿ.

ಅತ್ತೆ ಬಣ್ಣದ ಅಕ್ಷರಗಳನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದಳು. ಓದಲು ಬರುವುದಿಲ್ಲ. ಆಮೇಲೆ ಕೇಳಿದಳು: "ಗುರುವಾರ ನಾನೂ ಬರ್ಲೇನು ಯಾದಗಿರಿಗೆ? ದಾರ್ಯಾಗ ಬಟ್ಟಿ ಆರಿದ್ರ ನೋಡ್ಕೋತೀನಿ."

"ಅಲ್ಲಿ ಎಲ್ಲಾ ಸಾಹೇಬ್ರು ಇರ್ತಾರ್ರಿ. ನಿಮಗ ಬ್ಯಾಸರ ಆಗತದ," ಅಂದೆ.

ನಿಜ ಏನೆಂದರೆ, ಯಾರಾದರೂ ಅವಳನ್ನು ಏನಾದರೂ ಕೇಳಿಬಿಟ್ಟಾರು ಅಂತ ಹೆದರಿದ್ದೆ.

ಅಕ್ಟೋಬರ್ 30, ಗುರುವಾರ. ರಾತ್ರಿ 9

ಮೊದಲ ಸ್ಥಾನ. ರಾಜ್ಯಮಟ್ಟಕ್ಕೆ ಆಯ್ಕೆ. ನೂರಾ ಎಂಟನೆಯ ದಿನ.

ಕನ್ನಡಕದ ಜಡ್ಜ್ ಒಬ್ಬರು ಬಗ್ಗಿ ನೋಡಿ, "ತೇವಾಂಶ ಹೆಂಗ್ ಅಳದ್ರಿ?" ಅಂತ ಕೇಳಿದರು. "ಹೈಗ್ರೋಮೀಟರ್ ಸರ್," ಅಂದೆ. ಒಂದು ಕ್ಷಣವೂ ತಡವರಿಸಲಿಲ್ಲ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಅಂತ ಗೊತ್ತಿರಲಿಲ್ಲ.

ವಿಶ್ವರಾಧ್ಯ ಫೋಟೋಗೆ ನುಗ್ಗಿ ನನ್ನ ಭುಜದ ಪಕ್ಕ ನಿಂತ. ನಿಲ್ಲಲಿ. ಬೋರ್ಡ್ ಮೇಲೆ ಅವನಿಲ್ಲ.

ಅಕ್ಟೋಬರ್ 31, ಶುಕ್ರವಾರ

ಪೇಪರ್‌ನಲ್ಲಿ ಬಂದಿದೆ. ನನ್ನವರು ಊಟದ ಹೊತ್ತಿಗೆ ದೊಡ್ಡ ದನಿ ತೆಗೆದು ಓದಿದರು. "ಒದ್ದೆ ಬಟ್ಟೆಯಲ್ಲಿ ಸುತ್ತಿ, ದಿನವೂ ಮಗ್ಗುಲು ಬದಲಿಸುವ ಸರಳ ವಿಧಾನವನ್ನು ಶಿಕ್ಷಕಿ ಪರಿಮಳಾ ಕಂಡುಹಿಡಿದಿದ್ದಾರೆ..."

ಅತ್ತೆಯ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. "ಯಾರ್ ಕಂಡುಹಿಡದಾರಂತ?"

"ಪರಿಮಳಾ, ಅವ್ವ."

"ಹ್ಞೂ," ಅಂದಳು. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದಳು.

ನವೆಂಬರ್ 1, ಶನಿವಾರ

ಬುಟ್ಟಿ ಬಿಚ್ಚಿಲ್ಲ. ತನ್ನ ಎಲೆ ತಿರುವಿ ಹಾಕಿ, ನನ್ನದನ್ನು ಮುಟ್ಟದೆ ಹೋಗಿದ್ದಾಳೆ. ಮರೆತಿರಬೇಕು.

ನವೆಂಬರ್ 3, ಸೋಮವಾರ

ಮರೆತಿಲ್ಲ.

ಕೇಳಿದೆ. "ನಿನ್ನ ವಿಧಾನ ಅಲ್ಲೇನವ್ವ. ನೀನ ಮಾಡು," ಅಂದಳು. ಸಿಟ್ಟಿಲ್ಲ, ವ್ಯಂಗ್ಯವೂ ಇಲ್ಲ. ಇವತ್ತು ಸೋಮವಾರ ಅನ್ನುವ ಹಾಗೆ ಅಂದಳು.

ಆಗ ನಾನು ಅಂದೆ: "ಎಲ್ಲಾ ಒಂದ ಮನಿ ಅಲ್ಲೇನ್ರಿ ಅತ್ತಿ. ಹೆಸರು ಯಾರದಿದ್ರೇನು?"

ಅಂದಮೇಲೆ ನನ್ನ ಕಿವಿಗೆ ಬಿತ್ತು. ಅದು ನನ್ನ ಮಾತಲ್ಲ. ಎರಡು ವರ್ಷದಿಂದ ಯಾರ ಮಾತಿಗೆ ಹಲ್ಲು ಕಡಿಯುತ್ತಿದ್ದೆನೋ ಅದೇ ಮಾತು, ಅದೇ ರಾಗದಲ್ಲಿ ಬಂತು. ನಾಚಿಕೆಯಾಯಿತು. ಶಾಲೆಗೆ ಹೋಗಿ ಹೆಡ್‌ಮಾಸ್ತರನ ಮುಖ ನೋಡಲಾಗಲಿಲ್ಲ. ಅವನನ್ನು ಬಯ್ಯುವ ಸುಖವೂ ಹೋಯಿತು.

ನವೆಂಬರ್ 6, ಗುರುವಾರ

ನಾನೇ ಮಾಡುತ್ತಿದ್ದೇನೆ. ಐದಕ್ಕೆ ಏಳುತ್ತೇನೆ. ತಿರುವುತ್ತೇನೆ, ಒರೆಸುತ್ತೇನೆ, ಬೇವಿನ ಕೆಳಗೆ ಇಡುತ್ತೇನೆ. ಎಂಟು ಉಳಿದಿವೆ.

ಬಟ್ಟೆ ಒಂದು ದಿನ ಹಸಿ ಹೆಚ್ಚಾಗುತ್ತದೆ, ಗಂಟು ಮೆತ್ತಗಾಗುತ್ತದೆ. ಮರುದಿನ ಬಿಗಿಯಾಗಿ ಹಿಂಡಿದರೆ ಎಲೆಯ ಅಂಚು ಸುರುಟುತ್ತದೆ. ಕೆನ್ನೆಗೂ ಹಚ್ಚಿ ನೋಡಿದೆ. ನನ್ನ ಕೆನ್ನೆಗೆ ಎಲ್ಲವೂ ಒದ್ದೆಯೇ.

ನವೆಂಬರ್ 10, ಸೋಮವಾರ

ನಾಲ್ಕು.

ರಾಜ್ಯಮಟ್ಟದ ಫಾರಂ ಬಂದಿದೆ. ಬುಧವಾರ ಸಂಜೆ ಐದರೊಳಗೆ ಕಳಿಸಬೇಕು. ಏಳನೆಯ ಕಾಲಂ: ವಿಧಾನ ರೂಪಿಸಿದವರ ಹೆಸರು ಮತ್ತು ಉದ್ಯೋಗ. ಕೆಳಗೆ ಸಣ್ಣ ಅಕ್ಷರದಲ್ಲಿ: ಶಿಕ್ಷಕರು ಸ್ವತಃ ರೂಪಿಸಿದ ವಿಧಾನಗಳನ್ನು ಮಾತ್ರ ಪರಿಗಣಿಸಲಾಗುವುದು.

ಬೇರೆ ಹೆಸರು ಬರೆದರೆ ನಾನು ಔಟ್. ಹದಿನಾರು ವರ್ಷದ ನೌಕರಿಯಲ್ಲಿ ಮೊದಲ ಸಲ ಸಿಕ್ಕದ್ದು. ನನ್ನ ಹೆಸರು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ನುಗ್ಗೆಬೀಜದ ಸಂಗತಿಯೂ ಯಾರಿಗೂ ಗೊತ್ತಾಗಿರಲಿಲ್ಲ.

ನವೆಂಬರ್ 12, ಬುಧವಾರ. ಸಂಜೆ 4:10

ಅರ್ಧ ದಿನ ರಜೆ ಹಾಕಿ ಬಂದೆ. ಅತ್ತೆ ಆಗಲೇ ಸಂತೆಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಫಾರಂ ಹಿಡಿದು ಎದುರಿಗೆ ಕೂತೆ.

"ಅತ್ತಿ, ಇದರಾಗ ನಿಮ್ಮ ಹೆಸರು ಬರೀತೀನ್ರಿ."

"ಯಾಕ?"

"ನಿಮ್ಮದು ಅದಕ್ಕ."

ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಎಲಿ ಮಾರೋರಿಗೆ ಏನ್ ತಿಳೀತದ ಅಂದಿದ್ದಿ, ಹಜರಾಬೀ ಮುಂದ. ಅದನ್ನೂ ಬರೀತಿಯೇನು ಇದರಾಗ?"

ತಪ್ಪಾಯಿತು ಅಂತ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅದರ ಬದಲು ಪೆನ್ನಿನ ಮುಚ್ಚಳ ತೆಗೆದೆ.

"ಬರಿ," ಅಂದಳು. "ಎಲಿ ಮಾರೋಕಿ ಅಂತ ಬರಿ. ಬರೇ ತಿಮ್ಮವ್ವ ಅಂತ ಬರದ್ರ ಯಾರಿಗ್ ತಿಳೀತದ? ಈ ಊರಾಗ ನೂರು ಮಂದಿ ತಿಮ್ಮವ್ವ ಅದಾರ."

ಆಮೇಲೆ ಬುಟ್ಟಿ ಎಳೆದುಕೊಂಡು ಮುಚ್ಚಳ ತೆಗೆದಳು. ನಾಲ್ಕನ್ನೂ ನೋಡಿದಳು. ನನ್ನ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು, ಸತ್ತ ಇಲಿಯ ಬಾಲ ಹಿಡಿದ ಹಾಗೆ. "ಇಷ್ಟ ಓದೀದಿ. ಒಂದ ಬಟ್ಟಿ ಹಿಂಡಾಕ ಬರಂಗಿಲ್ಲ."

ಈಗ ಅಂಗಳದಲ್ಲಿ ಬಟ್ಟೆ ತೊಳೆಯುತ್ತಿದ್ದಾಳೆ. ಬಾ, ಕಲಿ, ಅಂತ ಎರಡು ಸಲ ಕೂಗಿದಳು. ಮೊದಲು ಇದು ಮುಗಿಯಲಿ. ಫಾರಂ ಮೇಲೆ ಬರೆಯುವ ಮುಂಚೆ ಇಲ್ಲಿ ಬರೆದು ನೋಡುತ್ತೇನೆ, ಕೈ ಬರುತ್ತದೋ ಇಲ್ಲವೋ.

ಏಳನೆಯ ಕಾಲಂ.

ಹೆಸರು: ತಿಮ್ಮವ್ವ ಗಂಡ ದಿವಂಗತ ಮರಿಲಿಂಗಪ್ಪ, ಸುರಪುರ.

ಉದ್ಯೋಗ: ಎಲೆ ಮಾರು— ಮೂರನೆಯ ಸಲ ಕೂಗಿದಳು, ಉಳಿದದ್ದು ಫಾರಂ ಮೇಲೇ.